ಮರಗಟ್ಟಿದ ಕೈ ಮತ್ತು ರಾಮನಾಥಪುರದ ಇಳಿಜಾರು

ಹೆಸರು ರುದ್ರಯ್ಯ, ತಂದೆ ದಿವಂಗತ ಚಲುವಯ್ಯ, ವಯಸ್ಸು 62, ಖಾಸಗಿ ಬಸ್ಸಿನ ನಿವೃತ್ತ ಚಾಲಕ, ವಾಸ ರಾಮನಾಥಪುರ, ಅರಕಲಗೂಡು ತಾಲ್ಲೂಕು. ನಿನ್ನೆ ಸಂಜೆಯ ಬಸ್ ಘಟನೆ ಕುರಿತು ಕೇಳಲಾಗಿ ನಾನು ಹೇಳಿ ಬರೆಸುವುದೇನೆಂದರೆ,

ಹಾಸನ–ರಾಮನಾಥಪುರ ಮಾರ್ಗದಲ್ಲಿ ಮೂವತ್ತು ವರ್ಷ ಬಸ್ ಓಡಿಸಿದ್ದೇನೆ. ಬಸವರಾಜು ನನ್ನ ಕಂಡಕ್ಟರ್ ಆಗಿದ್ದರು, ಈಗ ಅವರೂ ನಿವೃತ್ತರು. ಆಗಿನ ಗಾಡಿಗಳ ಗೇರ್ ಬಲು ಬಿಗಿ. ಎಳೆದೆಳೆದು ನನ್ನ ಎಡಭುಜದ ಸ್ನಾಯು ಸವೆದು ಹರಿದಿತ್ತು. ನಿನ್ನೆ ಬೆಳಿಗ್ಗೆ ಹಾಸನದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಅಂದೇ ಮನೆಗೆ ಹೋಗುವಂಥದ್ದು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯೆ ಯಶಸ್ವಿನಿಯವರು, ನೋವಿಗೆ ಬರೀ ಮಾತ್ರೆ ಸಾಲದೆಂದೂ, ಕತ್ತಿನ ಬುಡದ ನರಗಳ ಬಳಿ ಒಂದು ಇಂಜೆಕ್ಷನ್ ಕೊಟ್ಟರೆ ಮರುದಿನ ಬೆಳಗಿನವರೆಗೆ ಕೈ ಮರಗಟ್ಟಿರುವುದೆಂದೂ, ಸಣ್ಣ ನಳಿಕೆ ಇಟ್ಟು ಔಷಧ ಹರಿಸಿದರೆ ಎರಡು ಮೂರು ದಿನ ನೋವು ತಡೆಯಬಹುದೆಂದೂ ತಿಳಿಸಿದರು. ನಳಿಕೆಯ ತಾಪತ್ರಯ ಬೇಡ, ಒಂದು ಇಂಜೆಕ್ಷನ್ ಸಾಕೆಂದೆ. ಆ ಕೈಗೆ ಬಿಸಿ, ಏಟು ಯಾವುದೂ ಗೊತ್ತಾಗದೆಂದು ಎಚ್ಚರಿಸಿದ್ದರು.

ಸಂಜೆ ಬಸವರಾಜು ನನ್ನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಇಬ್ಬರೂ ಹಳೆಯ ಸ್ಟಾಪುಗಳನ್ನು ಹುಡುಕಿಕೊಂಡು ಬಂದೆವು. ಮೊಸರು ಮಾರುವ ಗೋದಮ್ಮನವರು ಕೈ ಅಡ್ಡ ಹಾಕುತ್ತಿದ್ದ ತಿರುವು ಸಿಕ್ಕಿತು. ಕೋಳಿಗೂ ಟಿಕೆಟ್ ಕೇಳಿ ಬಸವರಾಜು ಬೈಸಿಕೊಂಡ ಆಲದ ಮರ ಈಗಿಲ್ಲ. ಚಾಲಕ ರಜನೀಶ್ ಕೂಡ ನಗುತ್ತಾ, "ಆಗ ಸ್ಟೇರಿಂಗ್ ತಿರುಗ್ಸಕ್ಕೆ ಇಬ್ರು ಬೇಕಿತ್ತಂತೆ, ನಿಜ್ವಾ ಸಾ?" ಎಂದು ಕೇಳಿದರು.

ಸುಮಾರು 5.40ಕ್ಕೆ, ರಾಮನಾಥಪುರಕ್ಕೆ ಎರಡು ಕಿ.ಮೀ. ಇರುವಾಗ, ಇಳಿಜಾರಿನಲ್ಲಿ ರಜನೀಶ್ ಮಾತು ನಿಲ್ಲಿಸಿ ಬಲಗಡೆಯ ಕಿಟಕಿಗೆ ಒರಗಿಬಿಟ್ಟರು. ಬಸ್ಸಿನ ವೇಗ ಇಳಿಯಲಿಲ್ಲ. ಮುಂದೆ ಹರಾಜಿಗೆ ಹೊಗೆಸೊಪ್ಪು ತಂದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದು, ಮೂಟೆಗಳ ಮೇಲೆ ಜನ ಕೂತಿದ್ದರು. ನಾನು ಎದ್ದು ಅಡ್ಡ ಬಾಗಿ, ಬಲಗೈಯಲ್ಲಿ ಸ್ಟೇರಿಂಗ್ ಹಿಡಿದು ಬ್ರೇಕ್ ತುಳಿದೆ.

"ನನ್ನ ಎಡಗೈ ಸತ್ತೋಗದೆ ಕಣ್ಲಾ, ಗೇರ್ ತೆಗಿ!" ಎಂದು ಕೂಗಿದೆ.

"ನಂಗ್ ಬರಾಕಿಲ್ಲ ಕಣ್ಲಾ ರುದ್ರ!" ಎಂದರು ಬಸವರಾಜು.

"ಇಷ್ಟ್ ವರ್ಸ ಪಕ್ದಾಗೆ ನಿಂತ್ ನೋಡಿದ್ದೀಯಲ್ಲಾ, ಎಳಿ!"

ಎಳೆದರು. ನಾನು ಸ್ಟೇರಿಂಗ್ ತಿರುಗಿಸಿದೆ. ಬಸ್ ರಸ್ತೆ ಬಿಟ್ಟು, ರಾಗಿ ಕೊಯ್ದ ಹೊಲಕ್ಕೆ ಇಳಿದು ನಿಂತಿತು. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ಎಲ್ಲರೂ ಇಳಿದ ಮೇಲೂ ನಾನು ಸ್ಟೇರಿಂಗ್ ಬಿಟ್ಟಿರಲಿಲ್ಲ. ಕೊರಳಿಗೆ ಕಟ್ಟಿದ್ದ ಪಟ್ಟಿಯಿಂದ ಜಾರಿದ ಎಡಗೈ ಕಾದ ಎಂಜಿನ್ ಮುಚ್ಚಳದ ಮೇಲೆ ಬಿದ್ದಿರುವುದನ್ನು ಬಸವರಾಜು ಕಂಡು, ಎತ್ತಿಕೊಂಡು ಅತ್ತರು. ನನಗೆ ಏನೂ ಅನಿಸಲಿಲ್ಲ. ಇಂದು ಬೆಳಿಗ್ಗೆ ಕೈಗೆ ಸ್ಪರ್ಶ ಮರಳಿದಾಗ ಭುಜವೂ ಸುಟ್ಟ ಅಂಗೈಯೂ ಒಟ್ಟಿಗೆ ಉರಿದವು.

ರಜನೀಶ್ ಚೇತರಿಸಿಕೊಂಡಿದ್ದಾರೆ. ರಕ್ತದಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿತ್ತಂತೆ. ಅವರ ತಪ್ಪೇನೂ ಇಲ್ಲ. ಸುಟ್ಟ ಗಾಯದ ಬಗ್ಗೆ ನನಗೆ ಯಾರ ಮೇಲೂ ದೂರಿಲ್ಲ. ನನ್ನ ಲೈಸೆನ್ಸಿನ ಅವಧಿ ಮುಗಿದಿರುವುದು ನಿಜ. ಆದರೂ ಬಸ್ ಹೊಲಕ್ಕೆ ಇಳಿದಾಗ ಚಾಲಕ ಯಾರೆಂದು ಬರೆಯುವ ಕಡೆ ರುದ್ರಯ್ಯ ಎಂದು, ಕಂಡಕ್ಟರ್ ಬಸವರಾಜು ಎಂದು ಬರೆಯಬೇಕಾಗಿ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ರಾಮನಾಥಪುರ
ದಿನಾಂಕ: 21-11-2024
ಸಹಿ: ರುದ್ರಯ್ಯ