ಆನೆಹೆಜ್ಜೆ ಯಾರೆಂದು ಹುಡುಕಿದವನ ವಿರುದ್ಧ

ಹೆಸರು: ವಿದ್ಯಾ ತಂದೆ ಮಲಕಪ್ಪ ಚಲವಾದಿ, ವಯಸ್ಸು 34, ಉದ್ಯೋಗ ವಕೀಲಿ, ಸಾಕಿನ್ ಗುಳೇದಗುಡ್ಡ. ಇಂದು ಠಾಣೆಗೆ ನಾನೇ ಬಂದು ಬರೆಸುವುದೇನೆಂದರೆ:

ರವಿಕೆ ಖಣದ ವ್ಯಾಪಾರಿ ಪ್ರಭುಲಿಂಗ ತನಗೆ ನೇಯ್ದುಕೊಡುವ ಹೆಂಗಸರಿಗೆ ಕೊಡುತ್ತೇನೆಂದದ್ದು ಕೂಲಿ ಏರಿಕೆ ಮತ್ತು ಹೆರಿಗೆ ಕಾಲದ ಕೂಲಿ. ಕೊಡದೆ ಹೋದದ್ದು ಎರಡೂ. ಅವರ ವಕೀಲಳಾಗಿ ನಾನು ಕೊಟ್ಟ ಮಾತು ಒಂದೇ: ಕೇಸು ಹಾಕುವ ತನಕ ಯಾರ ಹೆಸರೂ ಹೊರಗೆ ಹೋಗುವುದಿಲ್ಲ. ಹೋದರೆ ಮರುದಿನ ಅವರ ಮಗ್ಗಕ್ಕೆ ನೂಲು ಬರುವುದಿಲ್ಲ.

ಆದ್ದರಿಂದ ನನ್ನ ಕಂಪ್ಯೂಟರಿನಲ್ಲಿ ಅವರ ನಿಜ ಹೆಸರುಗಳಿಲ್ಲ. ಒಬ್ಬೊಬ್ಬರೂ ಖಣದ ಒಂದೊಂದು ಡಿಸೈನಿನ ಹೆಸರು ಆರಿಸಿಕೊಂಡಿದ್ದಾರೆ: ತೇರು, ತೊಟ್ಟಿಲು, ಆನೆಹೆಜ್ಜೆ, ಹೀಗೆ. ತಾನು ನೇಯುವ ಡಿಸೈನನ್ನು ಯಾರೂ ಆರಿಸಬಾರದು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ.

ದಿನಾಂಕ 10-11-2025ರಂದು ಬೆಳಿಗ್ಗೆ 11ಕ್ಕೆ, ಕೋರ್ಟಿನ ನೋಟಿಸಿನಂತೆ ಕಂಡ ಇ-ಮೇಲ್ ಒಂದನ್ನು ತೆರೆದು ಪಾಸ್‌ವರ್ಡ್ ಒತ್ತಿದೆ. ಮಧ್ಯಾಹ್ನ 3ಕ್ಕೆ ಯಾರೋ ಬೇರೆ ಫೋನಿನಿಂದ ನನ್ನ ಖಾತೆಗೆ ನುಗ್ಗಿ ಈ ಕೇಸಿನ ಕಡತ ಇಳಿಸಿಕೊಂಡದ್ದು ತಿಳಿಯಿತು. ಪಾಸ್‌ವರ್ಡ್ ಬದಲಿಸಿದೆ. ಕಪ್ಪು ಕೋಟಿನವರು ಇಂಥದ್ದನ್ನು ನಾಚಿಕೆಗೆ ಮುಚ್ಚಿಡುತ್ತಾರೆ, ನಾನು ಮುಚ್ಚಿಡಲಿಲ್ಲ. ಸಂಜೆಯೇ ಕಕ್ಷಿದಾರರನ್ನು ಕರೆದು ಹೇಳಿದೆ. ಬಯ್ಯುತ್ತಾರೆಂದುಕೊಂಡಿದ್ದೆ. ಹೆಜ್ಜೆ ಕದ್ದವನಿಗೆ ಆನೆ ಸಿಗುತ್ತದೆಯೇ ಎಂದು ಒಬ್ಬರು ನಕ್ಕರು. ಉಳಿದವರು ಚಹಾ ತರಿಸಿದರು.

ದಿನಾಂಕ 15ರಂದು ಸಂಜೆ 4ಕ್ಕೆ ಪ್ರಭುಲಿಂಗನ ಅಕ್ಕ ಇಂದ್ರಾಬಾಯಿ ನನ್ನ ಕಚೇರಿಗೆ ಬಂದರು. ಅವರು ಮನೆಯಲ್ಲಿ ತಮ್ಮನಿಗೆ ನೇಯ್ದುಕೊಡುವುದು ಆನೆಹೆಜ್ಜೆ ಖಣ. ಅಲ್ಲಿಯವರೆಗೆ ನಮ್ಮ ಕೇಸಿಗೂ ಅವರಿಗೂ ಸಂಬಂಧವಿರಲಿಲ್ಲ. ವಕೀಲರ ಹತ್ತಿರ ದೂರಿದ ಆನೆಹೆಜ್ಜೆ ನೀನೇ ಎಂದು ಪ್ರಭುಲಿಂಗ ಅವರ ಬಾಗಿಲಲ್ಲಿ ನಿಂತು ಬೈದು, ನೂಲು ನಿಲ್ಲಿಸಿದ್ದಾನೆಂದು ತಿಳಿಸಿದರು.

"ನಾ ತಕರಾರು ಕೊಡೂದಿದ್ರ ಅವನ ಮುಂದನ ಕೊಡ್ತಿದ್ದೆನ್ರಿ. ಆನಿಹೆಜ್ಜಿ ಅಂದ್ರ ಯಾರ್ರಿ, ವಕೀಲರ?"

ಹೇಳುವುದಿಲ್ಲ ಎಂದೆ. ಕದ್ದ ಕಡತದಲ್ಲಿದ್ದ ಹೆಸರು ನಿಮ್ಮ ತಮ್ಮನ ಬಾಯಿಗೆ ಬಂದಿದೆ ಎಂದಷ್ಟೇ ತಿಳಿಸಿದೆ. ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ನಂತರ ಕೇಸಿಗೆ ತಾವೂ ಸೇರುವುದಾಗಿ ಹೇಳಿದರು. ಯಾವ ಡಿಸೈನಿನ ಹೆಸರು ಬೇಕೆಂದು ಕೇಳಿದೆ.

"ನನಗ್ಯಾಕ್ರಿ ಮುಸುಕು? ಇಂದ್ರಾಬಾಯಿ ಅಂತನ ಬರೀರಿ. ದೊಡ್ಡ ಅಕ್ಷರದಾಗ ಬರೀರಿ, ನಮ್ಮ ತಮ್ಮಗ ಕಣ್ಣು ಮಂದ."

ಅವರ ಹೆಸರನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಸಿದ್ದೇನೆ. ಉಳಿದವರ ಹೆಸರು ತಾವು ಎರಡು ಸಲ ಕೇಳಿದಿರಿ. ಠಾಣೆಗೂ ಕೊಡುವುದಿಲ್ಲ. ಅದು ಅವರ ಸ್ವತ್ತು. ಪ್ರಭುಲಿಂಗನಿಗೆ ಆ ಕಡತ ಹೇಗೆ ಸಿಕ್ಕಿತೆಂದು ತನಿಖೆ ಮಾಡಿ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಗುಳೇದಗುಡ್ಡ
ದಿನಾಂಕ: 17-11-2025
ಸಹಿ: ವಿದ್ಯಾ ಮ. ಚಲವಾದಿ

ಸಹಿಯ ಕೆಳಗೆ ಬರೆಸಿದ್ದು: ತನಿಖೆಗೆ ಯಾವಾಗ ಕರೆದರೂ ಬರುತ್ತೇನೆ, ಒಂದು ಹೊತ್ತು ಬಿಟ್ಟು. ಇಂದ್ರಾಬಾಯಿಯವರ ಮಗ್ಗದ ಮನೆಯಲ್ಲಿ ಊರಿನ ನೇಯುವ ಹೆಂಗಸರೆಲ್ಲರ ಸಭೆ ಇದೆ, ಕೇಸಿಗೆ ಸೇರದವರದ್ದೂ: ರವಿವಾರ, 23-11-2025, ಮುಂಜಾನೆ 10 ಗಂಟೆಗೆ.