ಗ್ಯಾಸ್ಟ್ರಿಕ್ ಎಂಬ ಸುಳ್ಳು

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ. ಭಾರೀ ಸಿರಿವಂತ. ಊರಿನ ಮದ್ಯವರ್ಜನ ಸಮಿತಿಗೆ ಅವನೇ ಅಧ್ಯಕ್ಷ. ಹೆಂಡವನ್ನು ಮೂಸಿಯೂ ನೋಡಿದವನಲ್ಲ. ಆದರೆ ಸಿಹಿ ಎಂದರೆ ಪ್ರಾಣ. ಮೈತುಂಬ ಬೊಜ್ಜು, ಜೊತೆಗೆ ಸಕ್ಕರೆ ಕಾಯಿಲೆ. ನೋಡಿ, ಲಿವರ್ ಕೆಡುವುದಕ್ಕೆ ಹೆಂಡವೇ ಬೇಕೆಂದಿಲ್ಲ, ಇವೂ ಸಾಕು.

ಬಟ್ಟೆ ತರಲು ಪೇಟೆಗೆ ಹೋದವನು ಅಲ್ಲಿ ರಕ್ತ ಕಾರಿಕೊಂಡ. ದೊಡ್ಡಾಸ್ಪತ್ರೆಯ ವೈದ್ಯರು ಬಾಯಿಯಿಂದ ಕೊಳವೆ ಇಳಿಸಿ ನೋಡಿದರು. ಲಿವರ್ ಗಟ್ಟಿಯಾಗಿ, ಅದರೊಳಗೆ ಹರಿಯಲಾರದ ರಕ್ತ ಅನ್ನನಾಳದ ರಕ್ತನಾಳಗಳಿಗೆ ನುಗ್ಗಿ, ಅವು ಊದಿಕೊಂಡಿದ್ದವು. ಒಡೆದದ್ದಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಬಿಗಿದು ರಕ್ತ ನಿಲ್ಲಿಸಿದರು.

“ಇದು ಒಂದೇ ಸಲಕ್ಕೆ ಮುಗಿಯಲ್ಲ ಯಜಮಾನ್ರೇ. ಮುಂದಿನ ತಿಂಗಳು ಬನ್ನಿ, ಉಳಿದಿದ್ದಕ್ಕೂ ಹಾಕ್ಬೇಕು. ಮನೆಯೋರಿಗೆ ಹೇಳಿಡಿ” ಎಂದರು.

ಹೇಳಿದನೇ? ಹೇಗೆ ಹೇಳುತ್ತಾನೆ! ಲಿವರ್ ಎಂದರೆ ಸಾಕು, ಊರು ಹೆಬ್ಬೆರಳನ್ನು ಬಾಯಿಗೆ ತೋರಿಸಿ ಕಣ್ಣು ಹೊಡೆಯುತ್ತದೆ. ಅಧ್ಯಕ್ಷರೂ ಗುಟ್ಟಾಗಿ ಏರಿಸುತ್ತಿದ್ದರಂತೆ ಎನ್ನುತ್ತದೆ. ಮನೆಗೆ ಬಂದವನು ಹೆಂಡತಿಗೆ, “ಗ್ಯಾಸ್ಟ್ರಿಕ್ ಕಣೇ, ಮತ್ತೇನಿಲ್ಲ” ಎಂದ. ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂದಮೇಲೆ ಯಾರೂ ಮುಂದೆ ಕೇಳುವುದಿಲ್ಲ. ಆಕೆ ಜೀರಿಗೆ ಕಷಾಯ ಕುದಿಸಿ ಕೊಟ್ಟಳು. ಮುಂದಿನ ತಿಂಗಳು ಅವನು ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಜನ ಏಕೆಂದು ಕೇಳುತ್ತಾರಲ್ಲ? ಮಲ ಟಾರಿನಂತೆ ಕಪ್ಪಗಾಯಿತು, ಒಳಗೆ ರಕ್ತ ಸೋರುತ್ತಿರುವ ಗುರುತು ಅದು. ಆಗಲೂ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆಯ ಮೇಲೆಯೇ ರಕ್ತ ಕಾರಿಕೊಂಡು ಬಿದ್ದ. ಪ್ರಜ್ಞೆ ಇಲ್ಲ. ಊರಿನ ಸಣ್ಣ ಆಸ್ಪತ್ರೆಯ ವೈದ್ಯರು ಹೆಂಡತಿಯನ್ನು ಕೇಳಿದರು: “ಅಮ್ಮಾ, ಇವ್ರಿಗೆ ಲಿವರ್ ತೊಂದ್ರೆ ಇತ್ತಾ? ಮುಂಚೆ ಬ್ಯಾಂಡ್ ಏನಾದ್ರೂ ಹಾಕ್ಸಿದ್ರಾ?”

“ಅಯ್ಯೋ, ಇಲ್ಲ ಡಾಕ್ಟ್ರೇ. ದೇವರಾಣೆಗೂ ಕುಡಿಯೋರಲ್ಲ ಅವ್ರು. ಬರೀ ಗ್ಯಾಸ್ಟ್ರಿಕ್.”

ಹೊಟ್ಟೆಯ ಹುಣ್ಣಿರಬೇಕೆಂದು ಚಿಕಿತ್ಸೆ ಶುರುವಾಯಿತು. ರಕ್ತ ನಿಲ್ಲಲಿಲ್ಲ. ಪೇಟೆಗೆ ಸಾಗಿಸುವಷ್ಟರಲ್ಲಿ ಪ್ರಾಣ ಹೋಗಿತ್ತು. ದೊಡ್ಡಾಸ್ಪತ್ರೆಯ ವೈದ್ಯರು ಮುಖ ನೋಡಿದೊಡನೆ ಗುರುತಿಸಿದರು. “ಮತ್ತೆ ಬರೋಕೆ ಹೇಳಿದ್ನಲ್ಲಮ್ಮಾ! ಉಳಿದಿದ್ದಕ್ಕೂ ಬ್ಯಾಂಡ್ ಹಾಕ್ಬೇಕಿತ್ತು” ಎಂದರು. ಆಕೆ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. “ಇಲ್ಲ ಅಂತ ನಾನೇ ಹೇಳ್ದೆ. ನಾನೇ ಹೇಳ್ಬಿಟ್ಟೆ” ಎಂದು ಅತ್ತಳು.

ಈಗ ಹೇಳಿ, ಆ ಸುಳ್ಳು ಯಾರದು? ಅವನದೊಂದೇ ಏನು? ರೋಗಿಯ ನಡತೆಯನ್ನು ಮೊದಲು ವಿಚಾರಿಸುವ ನಮ್ಮದೂ ಅಲ್ಲವೇ? ಅಲ್ಲಿ ಹಿಂದೆ ಕೂತವರು ತಲೆ ತಗ್ಗಿಸಬೇಡಿ, ಕೇಳಿ. ಅವನು ನಿಜಕ್ಕೂ ಕುಡುಕನೇ ಆಗಿದ್ದ ಎಂದಿಟ್ಟುಕೊಳ್ಳಿ. ಆಗ ಸಾಯಬಹುದಿತ್ತೇ? ಕುಡುಕನ ಹೆಂಡತಿಯ ತಾಳಿ ತಾಳಿಯಲ್ಲವೇ?

ಇನ್ನು ಮುಂದೆ ಯಾರಾದರೂ ಕಾಯಿಲೆ ಎಂದರೆ ಏನು ಮಾಡಿಕೊಂಡೆ ಎಂದು ಕೇಳಬೇಡಿ. ಮತ್ತೆ ಯಾವಾಗ ತೋರಿಸಬೇಕು, ಜೊತೆಗೆ ಬರಲೇ ಎಂದು ಕೇಳಿ. ಕಾಯಿಲೆ ಮುಚ್ಚಿಟ್ಟುಕೊಂಡು ಕೂತವರೇ, ನೀವೂ ಕೇಳಿ. ದೇವರ ಮುಂದೆ ಕೈಮುಗಿದು ಹೇಳಿಕೊಂಡು ಸುಮ್ಮನಾಗಬೇಡಿ. ಅವನಿಗೆ ಮೊದಲೇ ಗೊತ್ತು. ನಿಮ್ಮ ಹೆಂಡತಿಗೆ ಗೊತ್ತಿಲ್ಲ. ಇವತ್ತು ಮನೆಗೆ ಹೋಗಿ ಅವಳಿಗೆ ಹೇಳಿ.