ಬೆರಳಿಗೆ ಗೊತ್ತಾಗದ್ದು

...ಇಲ್ಲ, ಕೂರಲ್ಲ. ಮೊದಲು ಉತ್ತರ ಕೊಡು. ಸಭಾಂಗಣದ ಮ್ಯಾನೇಜರಿಗೆ ಕಾಗದ ಬರೆದವಳು ನೀನೇ ತಾನೇ? 'ಇನ್ಮೇಲೆ ಪಿಯಾನೋ ಶ್ರುತಿ ಮಾಡೋ ಕೆಲಸ ನನಗೇ ಕೊಡಿ, ಅಣ್ಣನ್ನ ಕರೀಬೇಡಿ' ಅಂತ? ಅವನು ನನ್ನ ಕೈಗೇ ಕೊಟ್ಟ ಕಣೇ, ನೀವೇ ಓದಿ ಅಂತ. ನಿನ್ನ ಅಕ್ಷರ ನನಗೆ ಗೊತ್ತಾಗಲ್ವಾ?

ನೆಲ ಯಾಕೆ ನೋಡ್ತೀಯ?

ಇಪ್ಪತ್ತೆರಡು ವರ್ಷ ನಾನು ಮಗುವಿನ ಹಾಗೆ ನೋಡ್ಕೊಂಡ ಪಿಯಾನೋ ಇದು. ನಿನಗೆ ಸ್ಕ್ರೂಡ್ರೈವರ್ ಹಿಡಿಯೋದನ್ನ ಕಲಿಸಿದ್ದೂ ಇದರ ಮುಂದೇನೇ. ಹೊರಗಿನವರು ಮಾಡಿದ್ರೆ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ. ಒಡಹುಟ್ಟಿದ ತಂಗಿ... ನನ್ನ ಬೆನ್ನಿಗೇ ಚೂರಿ ಹಾಕಿದೆಯಲ್ಲೇ!

ಏನು ಕೊರತೆ ಕಂಡೆ ನನ್ನ ಕೆಲಸದಲ್ಲಿ? ಸರ್ಕೋ ಆ ಕಡೆ, ಕೂತೇ ತೋರಿಸ್ತೀನಿ. ನೋಡು, ಕೀ ಒತ್ತಿದೆ. ಒಳಗೆ ಆ ಪುಟ್ಟ ಮರದ ಕಾಲು ಸುತ್ತಿಗೆಯನ್ನ ಮೇಲಕ್ಕೆ ತಳ್ಳುತ್ತೆ. ತಂತಿ ಇನ್ನೇನು ಸಿಕ್ಕಿತು ಅನ್ನುವಾಗ ಕಾಲು ಜಾರಿ ಪಕ್ಕಕ್ಕೆ ಸರಿಯುತ್ತೆ. ಅಲ್ಲಿಂದ ಸುತ್ತಿಗೆ ತಾನೇ ಹಾರಿ, ಬಡಿದು, ವಾಪಸ್ ಬೀಳುತ್ತೆ. ಕಾಲು ಜಾರದೇ ಇದ್ರೆ? ಸುತ್ತಿಗೆ ತಂತಿಗೆ ಒತ್ತಿಕೊಂಡು ದನಿ ಅಲ್ಲೇ ಸಾಯುತ್ತೆ. ಜಾರೋವಾಗ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತೆ, ಅಷ್ಟೇ. ಆಮೇಲೆ ಸುತ್ತಿಗೆ ತಂತಿಗೆ ಹೊಡೀತೋ ಬಿಡ್ತೋ, ಬೆರಳಿಗೆ ಗೊತ್ತಾಗಲ್ಲ. ಅದು ಕಿವಿಯ ಕೆಲಸ. ನಗ್ತೀಯಾ? ಮೊದಲನೇ ದಿನವೂ ಇದನ್ನೇ ಹೇಳಿದ್ದೆ ಅಂತಾನಾ?

ಎಂಬತ್ತೆಂಟು ಕೀಗೂ ಆ ತಡೆ ಒಂದೇ ಸಮ ಇದೆಯಾ ಇಲ್ವಾ? ಬಲಗಡೆ ಕಟ್ಟಕಡೇದು ಒತ್ತಿ ನೋಡು. ಬೇಡ, ನಾನೇ ಒತ್ತುತ್ತೀನಿ. ಹಾಂ... ಎಷ್ಟು ತಿಳಿಯಾಗಿದೆ ದನಿ. ಇನ್ನೊಂದ್ಸಲ ಕೇಳು. ಈಗ ಹೇಳು, ತಪ್ಪು ಎಲ್ಲಿದೆ?

ಯಾಕೆ ಹಾಗೆ ನೋಡ್ತೀಯ? ಅಳುವಂಥದ್ದು ಏನು ಹೇಳಿದೆ ನಾನು? ಒಳಗಾ? ಒಳಗೆ ಏನು ನೋಡ್ಬೇಕು? ಸರಿ, ಎದ್ದೆ.

ತಂತಿ ಎಲ್ಲಿ?

ಈ ಕೀಗೆ ತಂತಿಯೇ ಇಲ್ವಲ್ಲೇ. ಹಳೇದು ಬಿಚ್ಚಿದೀಯ... ಹೊಸದು ಇನ್ನೂ ಹಾಕಿಲ್ಲ.

ಎರಡು ವರ್ಷ ಆಯ್ತು ಪುಟ್ಟೀ. ಆ ತುದಿಯ ಹತ್ತು ಕೀ ನನಗೆ ಕೇಳಿಸಲ್ಲ. ಶ್ರುತಿ ಅಳೆಯೋ ಯಂತ್ರದ ಮುಳ್ಳು ನೋಡ್ಕೊಂಡು ಶ್ರುತಿ ಕೂಡಿಸ್ತಿದ್ದೆ. ಸ್ವಲ್ಪ ತಪ್ಪಿದ್ರೂ ಯಾರಿಗೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ. ಯಾಕೆ ತಲೆ ತಗ್ಗಿಸ್ತೀಯ? ನಾನು ಮನೆಗೆ ಹೋದಮೇಲೆ ನೀನು ಬಂದು... ಪ್ರತಿ ಸಲವೂ ಸರಿ ಮಾಡ್ತಿದ್ದೆಯಾ?

ಇಲ್ಲ ಅನ್ನು. ಒಂದೇ ಒಂದು ಸಲ ಇಲ್ಲ ಅನ್ನೇ.